ಪುಣೆಯ ಒಂದು ಎನ್‌ಐಸಿಯು: ಸಿಂಕ್‌ಗೆ ಐದು ಸ್ಟಾರ್, ಬಿಲ್ಲಿಂಗ್‌ಗೆ ಒಂದು

ಎನ್‌ಐಸಿಯು, ಅಂದರೆ ನವಜಾತ ಶಿಶುಗಳ ತೀವ್ರ ನಿಗಾ ಘಟಕ, ಹುಡುಕುವವರು ವೆಂಟಿಲೇಟರ್ ಎಷ್ಟಿವೆ, ದಿನಕ್ಕೆ ಎಷ್ಟಾಗುತ್ತೆ ಅಂತ ಕೇಳುತ್ತಾರೆ. ಅದರ ಜೊತೆ ಬಾಗಿಲ ಪಕ್ಕದ ಸಿಂಕನ್ನೂ ನೋಡಿ. ನನ್ನ ತಂಗಿಯ ಮಗಳು 29ನೇ ವಾರಕ್ಕೇ ಹುಟ್ಟಿ ಇಲ್ಲಿದ್ದಳು. ಆಸ್ಪತ್ರೆ ಹೆಸರು ಬೇಡ, ಮುಂದೆ ಸ್ವಲ್ಪ ಬೈಯುವುದೂ ಇದೆ.

ಉಂಗುರ, ಬಳೆ, ವಾಚು ಬಿಚ್ಚಿ ಮೊಣಕೈವರೆಗೆ ತೊಳೆಯದೆ ಯಾರಿಗೂ ಪ್ರವೇಶವಿಲ್ಲ, ದೊಡ್ಡ ಡಾಕ್ಟರಿಗೂ ಅಷ್ಟೇ. ಅಮ್ಮ ಊರಿಂದ ತಂದ ಕೊಬ್ಬರಿ ಎಣ್ಣೆ ಬಾಟಲಿ ಹೊರಗೇ ಉಳಿಯಿತು. ಅಮ್ಮನ ಮುಖ ಊದಿದ್ದು ನೋಡಿ ಬೆಳಗಾವಿ ಕಡೆಯ ಸಿಸ್ಟರ್, "ಸಿಟ್ಟಾಗಬ್ಯಾಡ್ರಿ ಅವ್ವಾರ, ಕೂಸಿನ ಚರ್ಮ ಇನ್ನೂ ಬಲಿತಿಲ್ಲ" ಅಂದರು. ಎಣ್ಣೆಯೇ ವಿಷ ಅಂತಲ್ಲ, ಇಂಥ ಮಕ್ಕಳಿಗೆ ಹಚ್ಚುವುದನ್ನು ಪರಿಗಣಿಸಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆಯೇ 2022ರಲ್ಲಿ ಹೇಳಿದೆ. ಆದರೆ ಹತ್ತು ಕೈ ತಾಗಿದ ಮನೆ ಬಾಟಲಿ ಬೇಡ, ಡಾಕ್ಟರು ಹೇಳಿದಾಗ ಮಾತ್ರ.

ಇಷ್ಟು ಕಟ್ಟುನಿಟ್ಟು ಯಾಕೆ ಅಂತ ಡಾಕ್ಟರ್ ಬಿಡಿಸಿ ಹೇಳಿದ್ದು ನನಗೆ ತುಂಬಾ ಹಿಡಿಸಿತು. ಮಲಸೇಜಿಯಾ ಅಂತ ಒಂದು ಫಂಗಸ್ ನಮ್ಮೆಲ್ಲರ ಚರ್ಮದಲ್ಲೂ ಇರುತ್ತದೆ, ತನಗೆ ಬೇಕಾದ ಕೊಬ್ಬನ್ನು ತಾನು ಮಾಡಿಕೊಳ್ಳಲಾರದು, ಅದಕ್ಕೇ ಚರ್ಮದ ಜಿಡ್ಡಿನ ಮೇಲೆ ಬದುಕುತ್ತದೆ. ಮಗುವಿನ ಮೇಲೆ ಕೂತರೂ ಸಾಮಾನ್ಯವಾಗಿ ತೊಂದರೆ ಇಲ್ಲ. ಆದರೆ ಈ ಮಕ್ಕಳಿಗೆ ರಕ್ತನಾಳದ ಲೈನ್ ಮೂಲಕ ಹಾಲಿನಂಥ ಕೊಬ್ಬಿನ ದ್ರಾವಣ ಹೋಗುತ್ತಿರುತ್ತದಲ್ವಾ, ಫಂಗಸ್ ಆ ಲೈನಿಗೆ ಹತ್ತಿದರೆ ಅದಕ್ಕೆ ಹಬ್ಬ. ಲ್ಯಾಬಿನಲ್ಲೂ ಕೊಬ್ಬು ಹಾಕದ ಸಾದಾ ತಟ್ಟೆಯಲ್ಲಿ ಅದು ಸರಿಯಾಗಿ ಬೆಳೆಯುವುದಿಲ್ಲ, ಎಷ್ಟೋ ಸಲ ಆಲಿವ್ ಎಣ್ಣೆ ಹಾಕಬೇಕು. ಇದರದ್ದೇ ಜಾತಿಯ, ನಾಯಿಗಳ ಮೇಲಿರುವ ಒಂದು ಫಂಗಸ್ ಅಮೆರಿಕದ ಎನ್‌ಐಸಿಯು ಒಂದಕ್ಕೆ ಸಿಬ್ಬಂದಿ ಸಾಕಿದ ನಾಯಿಗಳಿಂದ, ಅವರ ಕೈ ಮೂಲಕ ಬಂದಿರಬೇಕು ಅಂತ 1998ರಲ್ಲೇ ವರದಿಯಾಗಿತ್ತಂತೆ. ಕ್ಯಾಂಡಿಡಾ ಅನ್ನೋ ಇನ್ನೊಂದು ಫಂಗಸ್ ಇನ್ನೂ ಜಾಸ್ತಿ ಅಪಾಯ. ಆಂಟಿಬಯಾಟಿಕ್ ಬಹಳ ದಿನ ಕೊಟ್ಟಷ್ಟೂ ಅದಕ್ಕೆ ಜಾಗ ಸಿಗುತ್ತದೆ, ಅದಕ್ಕೇ ಇಲ್ಲಿ ಸುಮ್ನೆ ಮುಂದುವರಿಸುವುದಿಲ್ಲ. ಇದು ನನಗೆ ದೊಡ್ಡ ವಿಷಯ.

ಇನ್ನು ಬೈಗುಳ. ಹಾಲು ಹಿಂಡುವ ಕೋಣೆ ತೀರಾ ಚಿಕ್ಕದು, ತಾಯಂದಿರು ಹೊರಗೆ ಬೆಂಚಿನಲ್ಲಿ ಕಾಯಬೇಕು. ಬಿಲ್ಲಿನಲ್ಲಿ 'ಇತರೆ' ಅಂತ ದೊಡ್ಡ ಮೊತ್ತ, ಏನದು ಅಂದರೆ ಕೌಂಟರಿನವರು ಸಿಸ್ಟಮ್ ಕಡೆ ಬೆರಳು ತೋರಿಸುತ್ತಾರೆ. ಸೇರಿಸುವವರು ಮೊದಲ ದಿನದಿಂದಲೇ ಬಿಡಿ ಬಿಲ್ ಕೇಳಿ, ಮರಾಠಿಯಲ್ಲಿ ಜೋರಾಗಿ ಕೇಳಿದರೆ ಬೇಗ ಸಿಗುತ್ತದೆ.