ವೀಸಾಸ್ಕ್ರೀನ್: ಅರ್ಜಿ ಸಲೀಸು, ಕಾಗದ ತರಿಸುವುದೇ ಕಷ್ಟ

ಅಮೆರಿಕದಲ್ಲಿ ಕೆಲಸದ ಮೇಲೆ ಗ್ರೀನ್ ಕಾರ್ಡ್ ಪಡೆಯುವ ನರ್ಸ್‌ಗಳಿಗೆ ವೀಸಾಸ್ಕ್ರೀನ್ ಪ್ರಮಾಣಪತ್ರವನ್ನು ಕಡ್ಡಾಯ ಮಾಡಿದ್ದು 1996ರ ಕಾನೂನು. (ಡಾಕ್ಟರುಗಳಿಗೆ ಈ ತಾಪತ್ರಯವಿಲ್ಲ.) ಕೊಡುವ ಸಂಸ್ಥೆ ಸಿಜಿಎಫ್ಎನ್ಎಸ್, ಈಗಿನ ಹೆಸರು ಟ್ರೂಮೆರಿಟ್. ಓದು, ಲೈಸೆನ್ಸ್, ಇಂಗ್ಲಿಷ್, ಎನ್‌ಕ್ಲೆಕ್ಸ್ (ಅಮೆರಿಕದ ನರ್ಸಿಂಗ್ ಲೈಸೆನ್ಸ್ ಪರೀಕ್ಷೆ) ಎಲ್ಲ ನೋಡುತ್ತಾರೆ.

ಆನ್‌ಲೈನ್ ಅರ್ಜಿಯಲ್ಲಿ ಗೊಂದಲವಿಲ್ಲ. ತೊಡಕೆಲ್ಲ ನಮ್ಮ ಕಡೆಯ ಕಾಗದದಲ್ಲಿ: ಟ್ರಾನ್ಸ್‌ಕ್ರಿಪ್ಟನ್ನು ಕಾಲೇಜೇ, ನೋಂದಣಿ ದೃಢೀಕರಣವನ್ನು ನರ್ಸಿಂಗ್ ಕೌನ್ಸಿಲ್ಲೇ ನೇರ ಕಳಿಸಬೇಕು. ಅಭ್ಯರ್ಥಿ ಕೈಯಿಂದ ಹೋದದ್ದು ಲೆಕ್ಕಕ್ಕಿಲ್ಲ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ‘ಎಚ್.ಆರ್.’ ಎಂದಷ್ಟೇ ಇದ್ದು, ಪಾಸ್‌ಪೋರ್ಟಿನಲ್ಲಿ ಊರು, ಅಪ್ಪನ ಹೆಸರು ಬಿಡಿಸಿ ಬರೆದಿದ್ದರೆ ಫೈಲು ಅಲ್ಲೇ ಕೂರಬಹುದು. ಅಫಿಡವಿಟ್ ಮೊದಲೇ ಮಾಡಿಸಿಡಿ. ಇಂಗ್ಲಿಷ್ ಪರೀಕ್ಷೆ ಐಇಎಲ್‌ಟಿಎಸ್ ಅಂಕಕ್ಕೆ 2 ವರ್ಷವಷ್ಟೇ ಆಯಸ್ಸು, ಹಾಗಾಗಿ ಕಾಗದ ಹೊರಟ ಮೇಲೆ ಪರೀಕ್ಷೆ ಬರೆಯುವುದೇ ಜಾಣತನ.

ಪ್ರಮಾಣಪತ್ರ ನಡೆಯುವುದು 5 ವರ್ಷ. ಐ-140 (ಉದ್ಯೋಗದಾತರು ಸಲ್ಲಿಸುವ ಗ್ರೀನ್ ಕಾರ್ಡ್ ಅರ್ಜಿ) ಹಾಕುವಾಗ ಬೇಡ, ಕಾನ್ಸುಲೇಟ್ ಸಂದರ್ಶನಕ್ಕೆ ಬೇಕೇ ಬೇಕು. ಭಾರತದ ವೀಸಾ ಸರತಿ ಉದ್ದವಿರುವಾಗ ಆತುರಪಟ್ಟು ಮಾಡಿಸಿದರೆ, ಸರದಿ ಬರುವ ಮೊದಲೇ ಅವಧಿ ಮುಗಿದು ನವೀಕರಣಕ್ಕೆ ಮತ್ತೆ ಶುಲ್ಕ ಕಟ್ಟಬೇಕಾದೀತು.