ಲಷ್ಕರ್ ಮೊಹಲ್ಲಾದ ಪ್ರೆಸ್ಸಿನಲ್ಲಿ ಸಾವಿರ ಪ್ರಾರ್ಥನಾ ಕಾರ್ಡು

ಎಲ್ಲರೂ ಮೊದಲು ಕೇಳುವುದು ರೇಟು, ಅದನ್ನೇ ಮೊದಲು ಹೇಳಿಬಿಡುತ್ತೇನೆ. ಸಾವಿರ ಕಾರ್ಡು, ಎರಡೂ ಬದಿ ಕಲರ್, 300 ಜಿಎಸ್‌ಎಂ ಆರ್ಟ್ ಕಾರ್ಡು, ಮ್ಯಾಟ್ ಲ್ಯಾಮಿನೇಷನ್, ಡಿಟಿಪಿ ಎಲ್ಲ ಸೇರಿ 3,200 ರೂಪಾಯಿ. ಅಂಗಡಿಯ ಹೆಸರು ಹಾಕುತ್ತಿಲ್ಲ. ಮಾಲೀಕರೇ ಬೇಡ ಅಂದರು: "ಇರೋ ಕೆಲಸಾನೇ ಮುಗಿಸಕ್ಕಾಗ್ತಿಲ್ಲ ಸಾರ್." ಮೈಸೂರಿನ ಅಶೋಕ ರಸ್ತೆಯಿಂದ ಲಷ್ಕರ್ ಮೊಹಲ್ಲಾದ ಒಳಕ್ಕೆ ತಿರುಗಿ, ಫಿಲೋಮಿನಾ ಚರ್ಚಿನ ಗೋಪುರಗಳು ಬೆನ್ನಿಗೆ ಬರುವ ಹಾಗೆ ನಡೆದರೆ ಮಷಿನ್ನಿನ ಸದ್ದು ಕೇಳುತ್ತದೆ. ಗಾಡಿ ನಿಲ್ಲಿಸಲು ಜಾಗವಿಲ್ಲ, ನಡೆದೇ ಹೋಗಿ.

ನಾನು ಸೇನೆಯ ಎಂಇಜಿಯಲ್ಲಿ (ಮದ್ರಾಸ್ ಎಂಜಿನಿಯರ್ ಗ್ರೂಪ್) ಹವಾಲ್ದಾರ್ ಆಗಿ ನಿವೃತ್ತನಾದವನು. ಮಾಡಿಸಿದ್ದು ಫಾದರ್ ಎಮಿಲ್ ಕಪಾನ್ ಅವರ ಪ್ರಾರ್ಥನಾ ಕಾರ್ಡು. ಅಮೆರಿಕದ ಕಾನ್ಸಾಸ್‌ನ ಪಿಲ್ಸೆನ್ ಎಂಬ ಹಳ್ಳಿಯ ರೈತನ ಮಗ, 1916ರಲ್ಲಿ ಹುಟ್ಟಿದವರು, ಸೇನೆಯಲ್ಲಿ ಪಾದ್ರಿ. ಎರಡನೇ ಮಹಾಯುದ್ಧದ ಕೊನೆಗೆ ಬರ್ಮಾ, ಭಾರತದ ಕಡೆಯೂ ಸೇವೆ ಮಾಡಿದ್ದರು. ಆಮೇಲೆ ಕೊರಿಯಾ ಯುದ್ಧ. ಅವರಿಗೆ ಸಂತ ಪದವಿ ಸಿಗಲಿ ಅಂತ ಪ್ರಾರ್ಥಿಸುವವರಲ್ಲಿ ನಾನೂ ಒಬ್ಬ. ನಮ್ಮ ಮಾಜಿ ಸೈನಿಕರ ಮನೆಗಳಿಗೆ ಕನ್ನಡದಲ್ಲೇ ಒಂದು ಕಾರ್ಡು ಕೊಡಬೇಕು ಅಂತ ಬಹಳ ದಿನದ ಆಸೆ.

ಇದಕ್ಕೂ ಮುಂಚೆ ಬೇರೊಂದು ಕಡೆ ಕೊಟ್ಟು ಕೈ ಸುಟ್ಟುಕೊಂಡಿದ್ದೆ. ಪ್ರೂಫ್ ತೋರಿಸದೆಯೇ ಐನೂರು ಒತ್ತಿ ಕೊಟ್ಟರು. ಬಿಚ್ಚಿ ನೋಡಿದರೆ ತಲೆಯ ಹಿಂದೆ ಬಂಗಾರದ ಪ್ರಭಾವಳಿ, ಕೆಳಗೆ ದಪ್ಪಕ್ಷರದಲ್ಲಿ "ಸಂತ ಎಮಿಲ್". ಅವರು ಒಳ್ಳೆಯ ಮನಸ್ಸಿನಿಂದಲೇ ಹಾಕಿದ್ದು, ಜಗಳ ಆಡಲಾಗಲಿಲ್ಲ. ಆದರೆ ಐನೂರೂ ಮನೆಯ ಅಟ್ಟ ಸೇರಿದವು.

ಹೊಸ ಪ್ರೆಸ್ಸಿನಲ್ಲೂ ಅದೇ ಶುರುವಾಯಿತು. ಡಿಟಿಪಿ ಹುಡುಗ ಫೋಟೋ ತೆರೆದವನೇ ಎರಡು ಕ್ಲಿಕ್ಕಿಗೆ ಪ್ರಭಾವಳಿ ಕೂರಿಸಿಬಿಟ್ಟ. ಬೇಡಪ್ಪ ಅಂದೆ. "ಯಾಕೆ ಸಾರ್? ಹುಟ್ಟುಹಬ್ಬದ ಫ್ಲೆಕ್ಸ್‌ನಲ್ಲಿ ಎಂಥೆಂಥವರಿಗೋ ಹಾಕಿದೀವಿ. ಇವರು ಪಾಪ ಫಾದರ್ರು!" ಪಕ್ಕದಲ್ಲಿ ಕಟಿಂಗ್ ಮಾಡುತ್ತಿದ್ದವರೂ ನಕ್ಕರು, ನಾನೂ ನಕ್ಕೆ. ಆಮೇಲೆ ಸ್ಟೂಲ್ ಎಳೆದುಕೊಂಡು ಕೂತು ಹೇಳಿದೆ. ಹದಿನೇಳನೇ ಶತಮಾನದಲ್ಲಿ ಎಂಟನೇ ಅರ್ಬನ್ ಎಂಬ ಪೋಪ್ ಮಾಡಿದ ಕಟ್ಟಳೆ ಇದು. ಕ್ಯಾಥೋಲಿಕ್ ಧರ್ಮಸಭೆ 'ಧನ್ಯ' ಅಂತ ಘೋಷಿಸುವ ತನಕ ಯಾರಿಗೂ ಸಾರ್ವಜನಿಕ ಪೂಜೆ ಸಲ್ಲಬಾರದು, ಚಿತ್ರಕ್ಕೆ ಪ್ರಭಾವಳಿ ಇರಬಾರದು. ವಿಚಾರಣೆಯಲ್ಲಿ ಅದನ್ನೂ ನೋಡುತ್ತಾರೆ. ಭಕ್ತಿ ಹೆಚ್ಚಾಗಿ ನಾವು ಅವಸರಪಟ್ಟರೆ ತೊಂದರೆ ಅವರಿಗೇ.

ಮಾಲೀಕರು ಕನ್ನಡಕ ಮೇಲೇರಿಸಿ, "ಅಂದ್ರೆ ಇವರ ಫೈಲು ಇನ್ನೂ ಟೇಬಲ್ ಮೇಲೇ ಇದೆ ಅನ್ನಿ" ಅಂದರು. ಇಷ್ಟು ಚೆನ್ನಾಗಿ ನಮ್ಮ ಉಪದೇಶಿಗಳೂ ಹೇಳಿಕೊಟ್ಟಿರಲಿಲ್ಲ. ಕಪಾನ್ 1993ರಲ್ಲಿ 'ದೇವರ ಸೇವಕ' ಆದರು, ಅದು ಮೊದಲ ಮೆಟ್ಟಿಲು. 2025ರ ಫೆಬ್ರವರಿಯಲ್ಲಿ, ಪೋಪ್ ಫ್ರಾನ್ಸಿಸ್ ಆಸ್ಪತ್ರೆಯಲ್ಲಿದ್ದುಕೊಂಡೇ ಒಪ್ಪಿಗೆ ಕೊಟ್ಟ ಮೇಲೆ 'ಪೂಜ್ಯ' ಆದರು. ಬೇರೆಯವರಿಗಾಗಿ ಪ್ರಾಣ ಒಪ್ಪಿಸಿದವರಿಗೆ ಅಂತ 2017ರಲ್ಲಿ ತೆರೆದ ದಾರಿಯಲ್ಲಿ ಇವರು ಬಂದದ್ದು. ಇನ್ನು ಒಂದು ಪವಾಡ ರುಜುವಾತಾದರೆ ಧನ್ಯ, ಮತ್ತೊಂದಾದರೆ ಸಂತ.

ಇಲ್ಲಿ ಕನ್ನಡದ್ದೇ ಒಂದು ತೊಡಕು ಬಂತು. 'ಪೂಜ್ಯ' ಅಂತ ಹಾಕಿದರೆ ಯಾರಿಗೆ ಅರ್ಥವಾಗಬೇಕು? ಮಠದ ಸ್ವಾಮಿಗಳೂ ಪೂಜ್ಯರೇ, ಲಗ್ನಪತ್ರಿಕೆಯಲ್ಲಿ ಹಿರಿಯರೆಲ್ಲ ಪೂಜ್ಯರೇ. ರೋಮ್‌ನಿಂದ ಮೂವತ್ತೆರಡು ವರ್ಷ ಕಾದು ಪಡೆದ ಪದ ನಮ್ಮಲ್ಲಿ ಪುಕ್ಕಟೆ ಸಿಗುತ್ತದೆ. ಕೊನೆಗೆ ಹೆಸರಿನ ಕೆಳಗೆ ಸಣ್ಣಕ್ಷರದಲ್ಲಿ "ಸಂತ ಪದವಿಯ ವಿಚಾರಣೆ ನಡೆಯುತ್ತಿದೆ" ಅಂತ ಸೇರಿಸಿದೆವು. ಈ ಸಾಲು ಮಾಲೀಕರ ಸಲಹೆ. ಹೆಸರಿನದೂ ಒಂದು ಪೇಚು. ಮೊದಲು ಬರೆದುಕೊಟ್ಟಿದ್ದು 'ಕಪೌನ್'. ಹುಡುಗ ತಲೆ ಕೆರೆದುಕೊಂಡು "ಕೌಪೀನ ಅಂತ ಓದ್ಬಿಡ್ತಾರೆ ಸಾರ್" ಅಂದ. ಉಚ್ಚಾರವೂ 'ಕಪಾನ್' ಅಂತಲೇ ಇರುವುದರಿಂದ ಹಾಗೇ ಮಾಡಿದೆವು.

ಚಿತ್ರಕ್ಕೆ ನಾನು ಒಯ್ದದ್ದು 1950ರ ಅಕ್ಟೋಬರ್‌ನ ಪ್ರಸಿದ್ಧ ಫೋಟೋ. ಜೀಪಿನ ಬಾನೆಟ್ಟೇ ಪೀಠ, ಅದರ ಮೇಲೆ ಬಲಿಪೂಜೆ (ಮಾಸ್) ಅರ್ಪಿಸುತ್ತಿದ್ದಾರೆ. ವಾಟ್ಸಾಪ್‌ನಲ್ಲಿ ಬಂದದ್ದು ಒಡೆಯುತ್ತದೆ ಅಂತ ಹಿಂದಕ್ಕೆ ಕಳಿಸಿದರು. ದೊಡ್ಡ ಸೈಜಿನದು ಹುಡುಕಿ ತಂದೆ. ಒಳ್ಳೆಯದೇ ಆಯಿತು, ಕಾರ್ಡಿನಲ್ಲಿ ಬಾನೆಟ್ಟಿನ ಮೇಲೆ ಹಾಸಿದ ಬಟ್ಟೆಯೂ ಸ್ಪಷ್ಟ ಕಾಣುತ್ತದೆ. ನನ್ನ ಬರಹವನ್ನು ಹಾಗೇ ಪೇಸ್ಟ್ ಮಾಡಿದಾಗ ಅವರ ಹಳೆಯ ಸಾಫ್ಟ್‌ವೇರ್‌ನಲ್ಲಿ ಎಲ್ಲ ಚೌಕ ಚೌಕ. ಪೂರ್ತಿ 'ನುಡಿ' ಸಾಫ್ಟ್‌ವೇರ್‌ನಲ್ಲಿ ಮತ್ತೆ ಟೈಪ್ ಮಾಡಿದರು, ಅದಕ್ಕೆ ಬೇರೆ ದುಡ್ಡು ಕೇಳಲಿಲ್ಲ. ಎರಡು ಪ್ರೂಫ್ ಆದರೂ 'ಪ್ರಾರ್ಥನೆ'ಯ ಅರ್ಕಾವತ್ತು ಒಂದು ಕಡೆ ಮಾಯವಾಗಿತ್ತು. ನಿಮ್ಮ ಪ್ರೂಫ್ ನೀವೇ ನೋಡಿ, ಕಾಗದದ ಮೇಲೆ ತೆಗೆಸಿ ನೋಡಿ, ಮೊಬೈಲ್‌ನಲ್ಲಿ ನೋಡಿ ಓಕೆ ಅನ್ನಬೇಡಿ.

ಹಿಂಬದಿಗೆ ಹಿಡಿಸುವುದು ಒಂಬತ್ತು ಸಾಲು. ಒಂಬತ್ತು ಸಾಲಿನಲ್ಲಿ ಏನು ಇಡುವುದು, ಏನು ಬಿಡುವುದು? ಉತ್ತರ ಕೊರಿಯಾದ ಉನ್ಸಾನ್‌ನಲ್ಲಿ, 1950ರ ನವೆಂಬರ್ ಮೊದಲಲ್ಲಿ, ಚೀನಾ ಸೇನೆ ಸುತ್ತುವರಿದಾಗ ತಪ್ಪಿಸಿಕೊಳ್ಳುವ ಅವಕಾಶ ಇದ್ದರೂ ಗಾಯಾಳುಗಳ ಜೊತೆ ಉಳಿದರು. ಕಾಲು ಮುರಿದು ಬಿದ್ದಿದ್ದ ಸಾರ್ಜೆಂಟ್ ಹರ್ಬರ್ಟ್ ಮಿಲ್ಲರ್ ತಲೆಗೆ ಒಬ್ಬ ಸೈನಿಕ ಬಂದೂಕು ಹಿಡಿದಾಗ, ಇವರು ನಡೆದುಕೊಂಡು ಹೋಗಿ ಬಂದೂಕನ್ನು ಪಕ್ಕಕ್ಕೆ ಸರಿಸಿ ಮಿಲ್ಲರ್‌ನನ್ನು ಎತ್ತಿಕೊಂಡರು. ಇಪ್ಪತ್ತೆರಡು ವರ್ಷ ಬಂದೂಕು ಹೊತ್ತವನು ನಾನು, ಬೆರಳು ಟ್ರಿಗರ್ ಮೇಲಿರುವಾಗ ಹಾಗೆ ನಡೆದು ಹೋಗುವುದು ಎಂಥದ್ದು ಅಂತ ಗೊತ್ತು. ಆ ಸಾಲು ಇರಲೇಬೇಕಿತ್ತು.

ಮಾಲೀಕರು ತಡೆದದ್ದು ಅದರ ಮುಂದಿನ ಸಾಲಿಗೆ. ಸೆರೆಶಿಬಿರದಲ್ಲಿ ಹಸಿದವರಿಗಾಗಿ ಕಪಾನ್ ರಾತ್ರಿ ನುಸುಳಿ ಹೋಗಿ ಧಾನ್ಯ ಕದ್ದು ತರುತ್ತಿದ್ದರು. ಹೋಗುವ ಮುಂಚೆ ಶಿಲುಬೆಯ ಪಕ್ಕದ ಒಳ್ಳೆಯ ಕಳ್ಳ ದಿಸ್ಮಾಸನಿಗೆ ಪ್ರಾರ್ಥನೆ. "ಕದ್ದಿದ್ದನ್ನ ಕಾರ್ಡಿಗೆ ಹಾಕಬೋದಾ ಸಾರ್? ಚರ್ಚಿನವರು ಬೈಯಲ್ವಾ?" ನಾನು ಆಗಲೇ ನಮ್ಮ ಧರ್ಮಕೇಂದ್ರದ ಫಾದರ್‌ಗೆ ಬರಹ ತೋರಿಸಿ ಒಪ್ಪಿಗೆ ಪಡೆದಿದ್ದೆ. ಆ ಸಾಲಿನ ಕೆಳಗೆ ಅವರು ಗೆರೆ ಎಳೆದು "ಇದನ್ನು ಬಿಡಬೇಡಿ" ಅಂತ ಬರೆದಿದ್ದನ್ನು ತೋರಿಸಿದೆ. ಉಳಿಯಿತು. ತಗಡು ಬಡಿದು ಪಾತ್ರೆ ಮಾಡಿ ನೀರು ಕಾಯಿಸಿಕೊಟ್ಟದ್ದು, ಭೇದಿಯಲ್ಲಿ ಬಿದ್ದವರ ಬಟ್ಟೆ ಒಗೆದದ್ದು ಅರ್ಧ ಸಾಲಿನಲ್ಲಿ ಮುಗಿಯಿತು. 1951ರ ಮೇ 23ರಂದು, ಮೂವತ್ತೈದನೇ ವಯಸ್ಸಿಗೆ, ಶಿಬಿರದಲ್ಲೇ ತೀರಿಕೊಂಡರು. ಕೊರಿಯಾ ಯುದ್ಧಕೈದಿಗಳು ಅಂದರೆ ನಮ್ಮ ಕಡೆಯವರಿಗೆ ಮಡಿಕೇರಿಯ ಜನರಲ್ ತಿಮ್ಮಯ್ಯ ನೆನಪಾಗಬೇಕು. ಕೈದಿಗಳನ್ನು ಊರು ಸೇರಿಸುವ ಆಯೋಗದ ಅಧ್ಯಕ್ಷರಾಗಿ ಅವರು ಅಲ್ಲಿಗೆ ಹೋದದ್ದು 1953ರಲ್ಲಿ. ಕಪಾನ್ ಅಷ್ಟು ದಿನ ಬದುಕಲಿಲ್ಲ.

ಜಾಗ ಸಾಲದೆ ಬಿಟ್ಟದ್ದು ಒಂದೇ, ಅದರ ಕೊರಗು ಇದೆ. ಕಪಾನ್ ಸತ್ತ ಮೇಲೆ ಆ ಶಿಬಿರಕ್ಕೆ ಬಂದ ಜೆರಾಲ್ಡ್ ಫಿಂಕ್ ಎಂಬ ಪೈಲಟ್ ಅವರ ನೆನಪಿಗೆ ಮರದಲ್ಲಿ ಶಿಲುಬೆ ಕೆತ್ತಿದ. ಆತ ಯಹೂದಿ, ಕಪಾನ್‌ರನ್ನು ಕಂಡವನೇ ಅಲ್ಲ. ನಮ್ಮ ಸೇನೆಯಲ್ಲಿ ಪಂಡಿತ್‌ಜಿ, ಗ್ರಂಥಿ, ಮೌಲ್ವಿ, ಪಾದ್ರಿ ಎಲ್ಲರೂ ಜೆಸಿಒಗಳು (ಜೂನಿಯರ್ ಕಮಿಷನ್ಡ್ ಆಫೀಸರ್). ನಾನಿದ್ದ ಕಡೆ ಪಾದ್ರಿ ಇರಲಿಲ್ಲ. ಒಂದು ಕ್ರಿಸ್ಮಸ್ ರಾತ್ರಿ ಸರ್ವಧರ್ಮ ಸ್ಥಳದಲ್ಲಿ ಪಂಡಿತ್‌ಜಿಯೇ ಮೇಣದಬತ್ತಿ ಹಚ್ಚಿ, ಬೈಬಲ್ ನನ್ನ ಕೈಗಿಟ್ಟು, ಓದು ಅಂತ ಸನ್ನೆ ಮಾಡಿದ್ದರು. ಚಳಿಗೋ ಏನೋ, ಪುಟ ತಿರುವಲು ಬೆರಳು ಬಗ್ಗುತ್ತಿರಲಿಲ್ಲ. ಅವರೇ ತಿರುವಿಕೊಟ್ಟರು.

ದೂರುಗಳೂ ಇವೆ. ಶುಕ್ರವಾರ ಅಂದವರು ಕೊಟ್ಟದ್ದು ಮುಂದಿನ ಬುಧವಾರ. ದಸರಾ ಹತ್ತಿರವಿದ್ದರೆ ಇವರ ಹತ್ತಿರ ಹೋಗಲೇಬೇಡಿ. ಕಟಿಂಗ್‌ನಲ್ಲಿ ಒಂದು ಕಟ್ಟು ಓರೆಯಾಗಿ, ಮೂವತ್ತು ನಲವತ್ತು ಕಾರ್ಡಿನ ಅಂಚಿನಲ್ಲಿ ಬಿಳಿ ಗೆರೆ ಉಳಿದಿದೆ. ಹೇಳಿದ್ದಕ್ಕೆ ಐವತ್ತು ಹೆಚ್ಚು ಒತ್ತಿ ಕೊಟ್ಟರು. ಯುಪಿಐ ತಗೊಳ್ಳುತ್ತಾರೆ, ಅರ್ಧ ಅಡ್ವಾನ್ಸ್ ಕೊಡಬೇಕು.

ಹಣ ಕೊಟ್ಟು ಹೊರಡುವಾಗ ಡಿಟಿಪಿ ಹುಡುಗ ಸ್ಕ್ರೀನ್ ನನ್ನ ಕಡೆ ತಿರುಗಿಸಿದ. ಫೋಲ್ಡರ್‌ನಲ್ಲಿ ಎರಡು ಫೈಲು. ಒಂದು ನಾವು ಒತ್ತಿಸಿದ್ದು, ಇನ್ನೊಂದರಲ್ಲಿ ಪ್ರಭಾವಳಿ ಹಾಗೇ ಇದೆ. "ಡಿಲೀಟ್ ಮಾಡಿಲ್ಲ ಸಾರ್. ಅಲ್ಲಿಂದ ಆರ್ಡರ್ ಬಂದ ದಿನ ಫೋನ್ ಮಾಡಿ."