ಸೋಲಾರ್ ಬೇಲಿ ಮಷಿನ್: ಮೇಕೆಗಳ ಜೊತೆ ಒಂದು ವರ್ಷ

ಮೊದಲು ನಮ್ಮಲ್ಲಿ ಎರಡು ಹಸು, ನಾಲ್ಕು ತರಕಾರಿ ಮಡಿ, ಅಷ್ಟೇ. ಹೋದ ವರ್ಷ ಅರ್ಧ ಎಕರೆಗೆ ಸೀಬೆ, ನಿಂಬೆ ಸಸಿ ಹಾಕಿದೆವು. ಅದೇ ಹುರುಪಿನಲ್ಲಿ 6 ಮೇಕೆನೂ ತಂದೆವು. ಎರಡನ್ನೂ ಒಟ್ಟಿಗೆ ಮಾಡಬಾರದಿತ್ತು, ಬಿಡಿ. ಮೂರನೇ ದಿನ ಬೆಳಿಗ್ಗೆ ನೋಡಿದರೆ 11 ಸೀಬೆ ಸಸಿಗೆ ತುದಿಯೇ ಇಲ್ಲ. ನಾಲ್ಕನ್ನಂತೂ ಕಸಿ ಗಂಟಿನ ಕೆಳಗೇ ಕಡಿದುಹಾಕಿದ್ದವು. ಅಂಥವು ಮತ್ತೆ ಚಿಗುರಿದರೂ ಬರೋದು ಕಸಿಗೆ ಬುಡವಾಗಿದ್ದ ಬೇರುಗಿಡ, ನಾವು ಆಸೆಪಟ್ಟು ತಂದ ತಳಿ ಅಲ್ಲ.

ಆಗ ತರಿಸಿದ್ದು ಈ ಸೋಲಾರ್ ಬೇಲಿ ಮಷಿನ್. 12 ವೋಲ್ಟ್ ಬ್ಯಾಟರಿ, ಮೇಲೊಂದು ಪ್ಯಾನೆಲ್. ಸೆಕೆಂಡಿಗೊಮ್ಮೆ ‘ಟಿಕ್’ ಅನ್ನುತ್ತೆ. ತಂತಿಗೆ ಹೋಗೋದು ಸಾವಿರಾರು ವೋಲ್ಟ್, ಆದರೆ ಕಣ್ಣು ಮಿಟುಕಿಸುವಷ್ಟು ಹೊತ್ತೂ ಇರಲ್ಲ. ಹಾಗಾಗಿ ಪ್ರಾಣಿಗೆ ಝಟಕಾ ಹೊಡೆಯುತ್ತೆ, ಪ್ರಾಣ ಹೋಗಲ್ಲ. ಮನೆ ಕರೆಂಟನ್ನು ನೇರ ಬೇಲಿಗೆ ಕೊಡೋರು ಇದ್ದಾರಲ್ಲ, ಅದು ಕೊಲೆ ಮಾಡೋ ಕೆಲಸ. ಎರಡನ್ನೂ ಒಂದೇ ಅಂದ್ಕೋಬೇಡಿ.

ಮಷಿನ್ ಬಗ್ಗೆ ನನ್ನದೇನೂ ದೂರಿಲ್ಲ. ದೂರು ಇರೋದು ಜೊತೆಗೆ ಬಂದ ಸಾಮಾನಿನ ಬಗ್ಗೆ. ಅರ್ತಿಂಗ್‌ಗೆ ಅಂತ ಕೊಟ್ಟಿದ್ದು ಮೊಣಕೈ ಉದ್ದದ ಒಂದೇ ಒಂದು ಸರಳು! ಮಳೆಗಾಲದಲ್ಲಿ ಅದರಲ್ಲೇ ನಡೀತು. ಬೇಸಿಗೆ ಬಂತು, ಮೇಕೆಗಳು ತಂತಿಗೆ ಮೈ ಉಜ್ಜಿಕೊಂಡು ಆರಾಮಾಗಿ ಒಳಗೆ ನುಗ್ಗಿದವು. ಮಷಿನ್ ಕೆಟ್ಟಿದೆ ಅಂತ ನಾನು ಎರಡು ದಿನ ಬೈದದ್ದೇ ಬೈದದ್ದು. ಅದು ಕೆಟ್ಟಿರಲಿಲ್ಲ. ಕರೆಂಟು ತಂತಿಯಿಂದ ಮೇಕೆಯ ಮೈಗೆ, ಗೊರಸಿನಿಂದ ಮಣ್ಣಿಗೆ, ಮಣ್ಣಿನಿಂದ ಸರಳಿನ ಮೂಲಕ ವಾಪಸ್ ಮಷಿನ್‌ಗೆ ಬರಬೇಕು. ಮಣ್ಣು ಒಣಗಿದರೆ ಆ ದಾರಿನೇ ಕಟ್.

ಆಮೇಲೆ ಆಳುದ್ದದ 3 ಸರಳು ತಂದು, ಹತ್ತು ಹತ್ತು ಅಡಿ ದೂರಕ್ಕೆ ಹೊಡೆದೆ. ತೊಟ್ಟಿ ನೀರು ಚೆಲ್ಲುವ ಕಡೆ, ಸದಾ ತೇವ ಇರೋ ಜಾಗ. ಐದು ಎಳೆ ತಂತಿಯಲ್ಲಿ ಎರಡನ್ನು ಮಷಿನ್‌ನ ಅರ್ತ್ ಕಡೆಗೇ ಜೋಡಿಸಿದೆ. ಮೇಕೆ ಒಂದು ಕರೆಂಟ್ ಎಳೆ, ಒಂದು ಅರ್ತ್ ಎಳೆ ಎರಡನ್ನೂ ಒಟ್ಟಿಗೆ ತಾಗಿಸಿದರೆ ಮಣ್ಣಿನ ಹಂಗೇ ಇಲ್ಲ. ಅವತ್ತು ಸಂಜೆ ಬಿಳಿ ಮೇಕೆ ಎಂದಿನಂತೆ ಎರಡು ಎಳೆ ನಡುವೆ ತಲೆ ತೂರಿಸಿತು. ಒಂದು ‘ಟಿಕ್’. ಒಂದಾಳೆತ್ತರ ಹಾರಿ, ಅಮ್ಮನ ಹಿಂದೆ ಹೋಗಿ ನಿಂತುಕೊಂಡಿತು. ‘ಪಾಪ ಕಣೋ’ ಅಂದರು ಅಮ್ಮ. ಸಸಿ ಹೋದಾಗ ಬೈದವರೂ ಅವರೇ.

ಇನ್ನೊಂದು ಬೇಜಾರು. ಡಬ್ಬದ ಮೇಲೆ ದಪ್ಪಕ್ಷರದಲ್ಲಿ ಬರೆದಿರೋ ಜೂಲ್ ಲೆಕ್ಕ ಒಳಗೆ ಶೇಖರವಾಗೋ ಶಕ್ತಿಯದ್ದು. ತಂತಿಗೆ ಬರೋದು ಅದಕ್ಕಿಂತ ಕಮ್ಮಿ, ಆ ಸಂಖ್ಯೆ ಸಣ್ಣಕ್ಷರದಲ್ಲಿದೆ. ಕೊಳ್ಳುವಾಗ ಸಣ್ಣಕ್ಷರ ಓದಿ. ವೋಲ್ಟ್ ನೋಡೋ ಟೆಸ್ಟರ್ ಇದರ ಜೊತೆ ಬರಲ್ಲ, ಬೇರೆ ತಗೊಳ್ಳಿ. ಇಲ್ಲದಿದ್ದರೆ ನನ್ನ ಹಾಗೆ ತಂತಿಗೆ ಹುಲ್ಲುಕಡ್ಡಿ ಇಟ್ಟು ಕರೆಂಟಿದೆಯಾ ಅಂತ ನೋಡುತ್ತಾ ಕೂರಬೇಕಾಗುತ್ತೆ.

ಹುಲ್ಲು ಅಂದೆನಲ್ಲ, ಬೇಲಿ ಬುಡ ಸವರುವ ಕೆಲಸ ತಪ್ಪಿದ್ದಲ್ಲ. ಹಸಿ ಹುಲ್ಲು ತಂತಿಗೆ ತಾಗಿದಷ್ಟೂ ಕರೆಂಟು ನೆಲಕ್ಕೆ ಸೋರುತ್ತೆ. ಮಳೆ ಶುರುವಾದ ಮೇಲೆ ನಾನು ಹದಿನೈದು ದಿನಕ್ಕೊಮ್ಮೆ ಕುಡುಗೋಲು ಹಿಡೀತೀನಿ. ಅದು ಆಗಲ್ಲ ಅನ್ನೋರು ಸುಮ್ನೆ ದುಡ್ಡು ಹಾಕಬೇಡಿ, ಮೆಶ್ ಬೇಲಿಗೇ ಹೋಗಿ.

ಐದಕ್ಕೆ ನಾಲ್ಕು ಸ್ಟಾರ್ ಕೊಡ್ತೀನಿ. ಒಂದು ಕಳೆದದ್ದು ಆ ಮೊಣಕೈ ಉದ್ದದ ಸರಳಿಗೆ. ಈಗ ಅದಕ್ಕೆ ನಾಯಿ ಕಟ್ಟುತ್ತೇವೆ.